ಸೋಡಿಯಂ ಡೌನ್ ಆಗಿದೆ ಅಂದರೆ ಉಪ್ಪು ಸಾಲದು ಅಂತಲೇ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. "ಅಮ್ಮನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಅಡ್ಮಿಟ್ ಮಾಡಿದ್ವಿ ಮಾರಾಯ್ರೆ. ಸೋಡಿಯಂ ಡೌನ್ ಆಗಿತ್ತಂತೆ." ಪಕ್ಕದ ಎಲೆಯವರು ತಡಮಾಡದೆ ಸಲಹೆ ಕೊಡುತ್ತಾರೆ: "ಬಿಪಿ ಅಂತ ಉಪ್ಪು ಬಿಡಿಸಿದ್ರಲ್ಲ, ಅದಕ್ಕೇ ಹಾಗಾಗಿದ್ದು. ಇನ್ನು ಸ್ವಲ್ಪ ಉಪ್ಪು ಜಾಸ್ತಿ ಹಾಕಿ ಕೊಡಿ."

ಕೇಳಿದರೆ ಸರಿ ಅನ್ನಿಸುತ್ತದೆ. ಅಡುಗೆ ಉಪ್ಪಿನಲ್ಲಿ ಇರುವುದೇ ಸೋಡಿಯಂ ಮತ್ತು ಕ್ಲೋರೈಡ್. ಸೋಡಿಯಂ ಇಳಿದರೆ ಉಪ್ಪು ಕೊಡಬೇಕು, ಅಷ್ಟೇ ತಾನೇ? ಆದರೆ ಬಹಳಷ್ಟು ಸಲ ಈ ಲೆಕ್ಕ ತಲೆಕೆಳಗು. ಲ್ಯಾಬ್ ರಿಪೋರ್ಟಿನಲ್ಲಿ ಸೋಡಿಯಂ ಎದುರು ಇರುವ ಸಂಖ್ಯೆ, ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಅಂತ ಹೇಳುವುದೇ ಇಲ್ಲ. ರಕ್ತದ ನೀರಿನ ಒಂದು ಲೀಟರಿನಲ್ಲಿ ಎಷ್ಟು ಸೋಡಿಯಂ ಕರಗಿದೆ ಅಂತ ಮಾತ್ರ ಹೇಳುತ್ತದೆ. ಉಪ್ಪು ಇದ್ದಷ್ಟೇ ಇದ್ದು ನೀರು ಜಾಸ್ತಿಯಾದರೂ ಆ ಸಂಖ್ಯೆ ಇಳಿಯುತ್ತದೆ. ಹೃದಯದ ಪಂಪಿಂಗ್ ಕಡಿಮೆಯಾಗಿ ಕಾಲು ಊದಿಕೊಂಡವರ ಮೈಯಲ್ಲಿ ಉಪ್ಪು ಮಾಮೂಲಿಗಿಂತ ಹೆಚ್ಚೇ ಇರುತ್ತದೆ. ಆದರೂ ರಿಪೋರ್ಟಿನಲ್ಲಿ ಸೋಡಿಯಂ ಕಡಿಮೆ ಬರಬಹುದು. ಅಂಥವರಿಗೆ ಉಪ್ಪು ಜಾಸ್ತಿ ಕೊಟ್ಟರೆ ಊತ ಇನ್ನೂ ಏರುತ್ತದೆ.

ಈ ಗೊಂದಲ ಬಿಡಿಸಿಕೊಳ್ಳಲು ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಸಾಕು. ನಮ್ಮ ದೇಹ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಒಂದು, ರಕ್ತದ ಹದ: ಅದರಲ್ಲಿ ಕರಗಿರುವ ಲವಣ ನೀರಿಗೆ ತಕ್ಕಷ್ಟಿದೆಯೇ ಎಂಬುದು. ಇನ್ನೊಂದು, ರಕ್ತದ ಪ್ರಮಾಣ: ನಾಳಗಳು ಸರಿಯಾಗಿ ತುಂಬಿವೆಯೇ ಎಂಬುದು. ಹದ ಕೆಟ್ಟರೆ ದೇಹ ನೀರನ್ನು ಹಿಡಿದೋ ಬಿಟ್ಟೋ ಸರಿಮಾಡುತ್ತದೆ. ಪ್ರಮಾಣ ಕೆಟ್ಟರೆ ಉಪ್ಪನ್ನು ಹಿಡಿದೋ ಬಿಟ್ಟೋ ಸರಿಮಾಡುತ್ತದೆ. ಎರಡಕ್ಕೂ ಕಾವಲುಗಾರರು ಬೇರೆ, ಹಾರ್ಮೋನುಗಳು ಬೇರೆ.

ಮೊದಲು ನೀರು ಎಲ್ಲಿದೆ ನೋಡೋಣ. 60 ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಇದು ಸ್ವಲ್ಪ ಕಡಿಮೆ, ಯಾಕೆಂದರೆ ಕೊಬ್ಬಿನಲ್ಲಿ ನೀರು ಕಡಿಮೆ, ಮಾಂಸಖಂಡದಲ್ಲಿ ಜಾಸ್ತಿ. ಈ 36 ಲೀಟರಿನಲ್ಲಿ 24 ಲೀಟರ್ ಜೀವಕೋಶಗಳ ಒಳಗೇ ಇದೆ. ಉಳಿದ 12 ಲೀಟರ್ ಹೊರಗೆ. ಅದರಲ್ಲೂ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುಕಡಿಮೆ 3 ಲೀಟರ್ ಅಷ್ಟೇ. ಡಾಕ್ಟರು ಸಿರಿಂಜಿನಲ್ಲಿ ತೆಗೆದು ಪರೀಕ್ಷೆಗೆ ಕಳಿಸುವುದು ಈ ಸಣ್ಣ ಪಾಲಿನಿಂದ.

ಒಳಗಿನ ನೀರಿಗೂ ಹೊರಗಿನ ನೀರಿಗೂ ದೊಡ್ಡ ವ್ಯತ್ಯಾಸವಿದೆ. ಹೊರಗೆ ಸೋಡಿಯಂ ತುಂಬಿಕೊಂಡಿರುತ್ತದೆ: ಲೀಟರಿಗೆ 135ರಿಂದ 145 ಮಿಲಿಮೋಲ್ (ಲ್ಯಾಬ್ ರಿಪೋರ್ಟಿನಲ್ಲಿ ಬರುವ ಅಳತೆ ಇದೇ). ಒಳಗೆ ಅದು ತೀರಾ ಕಡಿಮೆ. ಪೊಟ್ಯಾಸಿಯಂ ಇದಕ್ಕೆ ಉಲ್ಟಾ. ಒಳಗೆ ಸುಮಾರು 140, ಹೊರಗೆ ಬರೀ 3.5ರಿಂದ 5. ಈ ಎರಡು ಲವಣಗಳು ಹೀಗೆ ತಾವಾಗಿಯೇ ಬೇರೆ ಬೇರೆ ಕೂತಿಲ್ಲ. ಪ್ರತಿ ಜೀವಕೋಶದ ಗೋಡೆಯಲ್ಲೂ ಪಂಪುಗಳಿವೆ. ಒಂದು ಸುತ್ತಿಗೆ 3 ಸೋಡಿಯಂ ಹೊರಕ್ಕೆ, 2 ಪೊಟ್ಯಾಸಿಯಂ ಒಳಕ್ಕೆ. ಹಗಲು ರಾತ್ರಿ ಇದೇ ಕೆಲಸ. ನಾವು ಸುಮ್ನೆ ಕೂತಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಈ ಪಂಪಿಗೇ ಹೋಗುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬ ವಿಜ್ಞಾನಿ 1957ರಲ್ಲಿ ಇದನ್ನು ಕಂಡುಹಿಡಿದದ್ದು ಏಡಿಯ ಕಾಲಿನ ನರಗಳಲ್ಲಿ. ನಮ್ಮ ಗದ್ದೆ ಏಡಿಯಲ್ಲ, ಕಡಲ ದಡದ ಏಡಿ. ನಲವತ್ತು ವರ್ಷದ ಮೇಲೆ, 1997ರಲ್ಲಿ ಅವರಿಗೆ ನೊಬೆಲ್ ಬಂತು.

ಸೋಡಿಯಂ ಮತ್ತು ಪೊಟ್ಯಾಸಿಯಂ ಪಂಪಿಲ್ಲದೆ ಗೋಡೆ ದಾಟಿ ಹೆಚ್ಚು ಓಡಾಡಲಾರವು. ಆದರೆ ನೀರು ಸಲೀಸಾಗಿ ದಾಟುತ್ತದೆ. ಎಲ್ಲಿ ಲವಣ ಜಾಸ್ತಿಯೋ ಅತ್ತ ಹರಿಯುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭರಣಿಯಲ್ಲಿ ಮಿಡಿಯ ಮೇಲೆ ಹರಳುಪ್ಪು ಸುರಿದಿಟ್ಟರೆ, ಒಂದು ತೊಟ್ಟು ನೀರು ಹಾಕದಿದ್ದರೂ ಕೆಲವೇ ದಿನಗಳಲ್ಲಿ ಉಪ್ಪುನೀರು ಮೇಲಕ್ಕೆ ಬರುತ್ತದೆ. ಗಟ್ಟಿಯಾಗಿ ನುಣುಪಾಗಿದ್ದ ಮಿಡಿ ಮುರುಟಿಕೊಂಡಿರುತ್ತದೆ. ಮಿಡಿಯ ಒಳಗಿನ ನೀರನ್ನು ಹೊರಗಿನ ಉಪ್ಪು ಎಳೆದುಕೊಂಡಿತು. ಮೈಯಲ್ಲಿ ರಕ್ತದ ಹದ ಗಟ್ಟಿಯಾದರೆ ಜೀವಕೋಶಗಳಿಗೂ ಇದೇ ಗತಿ, ಮುರುಟುತ್ತವೆ. ಹದ ತೆಳುವಾದರೆ ಉಲ್ಟಾ: ನೀರು ಒಳಗೆ ನುಗ್ಗಿ ಜೀವಕೋಶ ಊದಿಕೊಳ್ಳುತ್ತದೆ. ಕೈಕಾಲಿನ ಜೀವಕೋಶ ಊದಿದರೆ ಹಿಗ್ಗಲು ಜಾಗವಿದೆ. ಮಿದುಳಿಗೆ ಹಾಗಲ್ಲ. ಸುತ್ತಲೂ ತಲೆಬುರುಡೆ. ಸೋಡಿಯಂ ಇಳಿದಾಗ ಮೊದಲು ಕಾಣುವುದು ಮಂಕು, ತಲೆನೋವು, ವಾಕರಿಕೆ, ತಡವರಿಸುವುದು, ಹೆಸರು ಮರೆಯುವುದು. ವಿಪರೀತವಾದರೆ ಫಿಟ್ಸ್. ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹದ ಕಾಯುವ ಕಾವಲುಗಾರ ಇರುವುದೂ ಮಿದುಳಿನಲ್ಲೇ. ಹೈಪೋಥಲಾಮಸ್ ಎಂಬ ಪುಟ್ಟ ಭಾಗದಲ್ಲಿ ಕೆಲವು ಜೀವಕೋಶಗಳಿವೆ. ರಕ್ತದ ಹದ ನೂರಕ್ಕೆ ಒಂದೆರಡು ಭಾಗ ಏರಿದರೆ ಸಾಕು, ಅವು ಎಚ್ಚೆತ್ತುಕೊಳ್ಳುತ್ತವೆ. ಆಗ ಎರಡು ಕೆಲಸ ಶುರುವಾಗುತ್ತದೆ. ಬಾಯಾರುತ್ತದೆ. ಜೊತೆಗೆ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗಿ, ಕಿಡ್ನಿಗೆ 'ನೀರು ಬಿಡಬೇಡ' ಅಂತ ಹೇಳುತ್ತದೆ.

ಕಿಡ್ನಿಯ ಕೆಲಸದ ಪರಿ ನನಗೆ ಇವತ್ತಿಗೂ ಸೋಜಿಗವೇ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅದು ರಕ್ತದಿಂದ ಸೋಸಿ ಹೊರಗೆ ಹಾಕುತ್ತದೆ. ಆಮೇಲೆ ಅದರಲ್ಲಿ ನೂರಕ್ಕೆ 99 ಭಾಗವನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಇರುವ 3 ಲೀಟರ್ ಪ್ಲಾಸ್ಮಾ ದಿನಕ್ಕೆ ಅರವತ್ತು ಸಲ ಸೋಸಿ ಬಂದ ಹಾಗಾಯಿತು. ಉಚ್ಚೆಯಾಗಿ ಹೋಗುವುದು ಒಂದೂವರೆ, ಎರಡು ಲೀಟರ್. ಕೊನೆಯ ಹಂತದ ನಳಿಗೆಗಳಲ್ಲಿ ವಾಸೊಪ್ರೆಸಿನ್ ಬಂದು ನೀರಿನ ಬಾಗಿಲುಗಳನ್ನು ತೆರೆಸಿದರೆ ನೀರು ವಾಪಸ್ ಮೈಗೆ ಹೋಗುತ್ತದೆ, ಉಚ್ಚೆ ಸ್ವಲ್ಪವೇ ಬಂದು ಕಡು ಹಳದಿಯಾಗುತ್ತದೆ. ಹಾರ್ಮೋನು ಇಲ್ಲದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ, ಉಚ್ಚೆ ನೀರಿನಂತೆ ತಿಳಿಯಾಗಿ ಜಾಸ್ತಿ ಬರುತ್ತದೆ. ಈ ಬಾಗಿಲುಗಳಿಗೆ ಅಕ್ವಾಪೋರಿನ್ ಅಂತ ಹೆಸರು. ಇದನ್ನು ಗುರುತಿಸಿದ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಸಿಕ್ಕಿತು. ಅಂದಹಾಗೆ ಮದ್ಯ ವಾಸೊಪ್ರೆಸಿನ್ನನ್ನು ತಡೆಯುತ್ತದೆ. ಕುಡಿದವರು ಮತ್ತೆ ಮತ್ತೆ ಎದ್ದು ಹೋಗುವುದು, ಬೆಳಗ್ಗೆ ಬಾಯಿ ಒಣಗಿ ಏಳುವುದು ಇದರಿಂದಲೇ.

ಇನ್ನು ಎರಡನೇ ಲೆಕ್ಕ, ಪ್ರಮಾಣ. ಇದನ್ನು ಕಾಯುವವರು ಕುತ್ತಿಗೆಯ ರಕ್ತನಾಳದಲ್ಲಿ, ಹೃದಯದ ಮೇಲಿನ ಕೋಣೆಗಳಲ್ಲಿ ಮತ್ತು ಕಿಡ್ನಿಯಲ್ಲಿ ಇದ್ದಾರೆ. ಇವರು ಹದ ನೋಡುವುದಿಲ್ಲ. ನಾಳದ ಗೋಡೆ ಎಷ್ಟು ಹಿಗ್ಗಿದೆ, ಒತ್ತಡ ಎಷ್ಟಿದೆ ಅಂತ ನೋಡುತ್ತಾರೆ. ಒತ್ತಡ ಇಳಿದರೆ ಕಿಡ್ನಿ ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಹುಟ್ಟುತ್ತದೆ. ಅದು ಆಲ್ಡೋಸ್ಟೆರಾನ್ ಎಂಬ ಹಾರ್ಮೋನನ್ನು ಎಬ್ಬಿಸುತ್ತದೆ. ಕೊನೆಗೆ ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತದೆ, ಬದಲಿಗೆ ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಸೋಡಿಯಂ ಉಳಿದರೆ ಅದರ ಹಿಂದೆ ನೀರೂ ಉಳಿಯುತ್ತದೆ. ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಟೆಲ್ಮಿಸಾರ್ಟಾನ್ ಅಥವಾ ಲೋಸಾರ್ಟಾನ್ ಇದ್ದರೆ, ಅದು ಆಂಜಿಯೋಟೆನ್ಸಿನ್ ಕೆಲಸಕ್ಕೆ ಅಡ್ಡ ಬರುವ ಬಿಪಿ ಮಾತ್ರೆ.

ಉಪ್ಪಿಗೆ ನೀರು ಹಿಡಿಯುವ ತಾಕತ್ತು ಎಷ್ಟು ಅಂತ ತಿಳಿಯಲು ಆಸ್ಪತ್ರೆಯ ಸಲೈನ್ ಬಾಟಲಿ ನೋಡಿ. ಮಾಮೂಲಿ ಸಲೈನ್ ಅಂದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಅದರ ಹದ ರಕ್ತದ ಹದಕ್ಕೆ ಹತ್ತಿರ. ಹಾಗಾಗಿ ಕಿಡ್ನಿ ಹೊರಗೆ ಹಾಕದೆ 9 ಗ್ರಾಂ ಉಪ್ಪು ಮೈಯಲ್ಲಿ ಉಳಿದರೆ, ಒಂದು ಲೀಟರಿನಷ್ಟು ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸು ಇಲ್ಲದೆ ಊಟ ಇಳಿಯದ ನಮ್ಮ ಕಡೆ ಆ ಗೆರೆ ದಾಟುವುದು ಬಹಳ ಸುಲಭ.

ಪ್ರಮಾಣದ ಕಾವಲುಗಾರರು ಕೆಲವೊಮ್ಮೆ ಮೋಸ ಹೋಗುತ್ತಾರೆ. ಜುಲೈಯಲ್ಲಿ ಜಡಿಮಳೆ ಹಿಡಿದಾಗ ಆಗುಂಬೆ ಕಡೆಯವರನ್ನು ಕೇಳಿ. ನೀರು ಕುಡಿದದ್ದು ಕಡಿಮೆ, ಉಚ್ಚೆಗೆ ಹೋಗುವುದು ಮಾತ್ರ ಗಳಿಗೆಗೊಮ್ಮೆ. ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಅಲ್ಲಿದ್ದ ರಕ್ತ ಎದೆ, ಹೊಟ್ಟೆಯ ಕಡೆ ಸರಿಯುತ್ತದೆ. ಅಲ್ಲಿಯ ಕಾವಲುಗಾರರಿಗೆ 'ಓಹೋ, ರಕ್ತ ಜಾಸ್ತಿಯಾಗಿದೆ' ಅನ್ನಿಸುತ್ತದೆ. ಹೃದಯವೇ ಒಂದು ಹಾರ್ಮೋನು ಬಿಟ್ಟು ಉಪ್ಪು, ನೀರು ಎರಡನ್ನೂ ಹೊರಗೆ ಹಾಕಿಸುತ್ತದೆ. ಚಳಿಯಲ್ಲಿ ಬಾಯಾರಿಕೆಯೂ ಮಂಕಾಗುತ್ತದೆ. ಮಳೆಗಾಲದಲ್ಲಿ ನೀರು ಯಾಕೆ ಬೇಕು ಅಂತ ಮೂಲೆಯಲ್ಲಿ ಬೆಚ್ಚಗೆ ಕೂತ ಅಜ್ಜನಿಗೆ ಕಷಾಯದ ನೆಪದಲ್ಲಾದರೂ ನೀರು ಹೋಗುವುದು ಒಳ್ಳೆಯದೇ.

ಎರಡೂ ಲೆಕ್ಕಗಳ ನಡುವೆ ಜಗಳ ಬಂದರೆ ಗೆಲ್ಲುವುದು ಯಾರು? ಪ್ರಮಾಣ. ರಕ್ತ ತೀರಾ ಕಡಿಮೆಯಾದರೆ ಜೀವವೇ ಉಳಿಯುವುದಿಲ್ಲ. ಹಾಗಾಗಿ ಆಗ ದೇಹ ಹದ ಕೆಟ್ಟರೂ ಚಿಂತೆಯಿಲ್ಲ ಅಂತ ವಾಸೊಪ್ರೆಸಿನ್ ಸುರಿಸಿ, ಸಿಕ್ಕ ನೀರನ್ನೆಲ್ಲ ಹಿಡಿದಿಡುತ್ತದೆ. ಇಲ್ಲಿಂದಲೇ 'ಸೋಡಿಯಂ ಡೌನ್' ಶುರುವಾಗುವುದು. ವಾಂತಿ ಭೇದಿಯಾಗಿ ಉಪ್ಪು ನೀರು ಎರಡೂ ಹೋಗಿರುತ್ತದೆ, ಕುಡಿಯುವುದು ಮಾತ್ರ ಬರೀ ನೀರು. ಆ ನೀರು ಮೈಯಲ್ಲೇ ಉಳಿದು ಸೋಡಿಯಂ ಇಳಿಯುತ್ತದೆ. ಹೃದಯ ಸೋತವರಲ್ಲಿ ಮೈಯಲ್ಲಿ ನೀರು ತುಂಬಿದ್ದರೂ ಪಂಪಿಂಗ್ ಸಾಲದೆ ಕುತ್ತಿಗೆಯ ಕಾವಲುಗಾರನಿಗೆ ಒತ್ತಡ ಕಡಿಮೆ ಕಾಣುತ್ತದೆ. ಅವನು ಇನ್ನೂ ನೀರು ಹಿಡಿಸುತ್ತಾನೆ. ನ್ಯುಮೋನಿಯಾದಂಥ ಕಾಯಿಲೆಗಳಲ್ಲಿ, ಕೆಲವು ಮಾತ್ರೆಗಳಿಂದ, ಹದಕ್ಕಾಗಲಿ ಪ್ರಮಾಣಕ್ಕಾಗಲಿ ಬೇಕಿಲ್ಲದಾಗಲೂ ವಾಸೊಪ್ರೆಸಿನ್ ಸುರಿಯುವುದುಂಟು.

ನಮ್ಮ ಊರುಗಳ ಹಿರಿಯರಲ್ಲಿ ಇನ್ನೆರಡು ಕಾರಣ ಒಟ್ಟಿಗೆ ಸೇರುತ್ತವೆ. ಒಂದು, ಥಯಜೈಡ್ ಜಾತಿಯ ಬಿಪಿ ಮಾತ್ರೆ. ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಅಂತ ಇದ್ದರೆ ಸಾಮಾನ್ಯವಾಗಿ ಇದು ಬೆರೆತಿರುತ್ತದೆ. ಒಳ್ಳೆಯ ಔಷಧಿಯೇ, ಆದರೆ ಕೆಲವು ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತದೆ. ಇನ್ನೊಂದು, ಊಟ. ಹಸಿವಿಲ್ಲ ಅಂತ ಎರಡು ಹೊತ್ತೂ ತೆಳು ಗಂಜಿ, ನಡುವೆ ಕಾಫಿ, ಕಷಾಯ. ಮೇಲಿಂದ ಯಾರೋ ಫೋನಿನಲ್ಲಿ ನೋಡಿ ಹೇಳಿದರು ಅಂತ ದಿನಕ್ಕೆ ನಾಲ್ಕು ಲೀಟರ್ ನೀರು. ಕಿಡ್ನಿಗೆ ಬರೀ ನೀರನ್ನು ಹೊರಗೆ ಹಾಕಲು ಬರುವುದಿಲ್ಲ. ಎಷ್ಟು ತೆಳು ಮಾಡಿದರೂ ಪ್ರತಿ ಲೀಟರ್ ಉಚ್ಚೆಯ ಜೊತೆ ಒಂದಿಷ್ಟು ಲವಣ, ಒಂದಿಷ್ಟು ಯೂರಿಯಾ ಹೋಗಲೇಬೇಕು. ಯೂರಿಯಾ ಬರುವುದು ಬೇಳೆ, ಹಾಲು, ಮೊಟ್ಟೆ, ಮೀನಿನ ಪ್ರೋಟೀನಿನಿಂದ. ಊಟದಲ್ಲಿ ಇವೆಲ್ಲ ಕಡಿಮೆಯಾದರೆ ಕುಡಿದ ನೀರು ಹೊರಗೆ ಹೋಗಲು ಜೊತೆಯೇ ಇರುವುದಿಲ್ಲ. ಹಾಗಾಗಿ ಇಂಥವರಿಗೆ ಡಾಕ್ಟರು ಹೇಳುವ ಮೊದಲ ಮಾತು 'ನೀರು ಕಡಿಮೆ ಮಾಡಿ' ಅಂತ ಇರಬಹುದು. ಮನೆಯವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಲೆಕ್ಕ ಸರಿಯಾಗಿದೆ.

ಇನ್ನೊಂದು ತಕರಾರು ವಾರ್ಡಿನಲ್ಲಿ ಕೇಳಿಬರುತ್ತದೆ: "ಸೋಡಿಯಂ 115 ಇತ್ತು, ಎರಡು ದಿನ ಆದ್ರೂ 130 ದಾಟ್ಲಿಲ್ಲ. ಏನ್ ನೋಡ್ತಿದಾರೋ!" ಅವರು ಬೇಕಂತಲೇ ನಿಧಾನ ಮಾಡುತ್ತಿರುತ್ತಾರೆ. ಸೋಡಿಯಂ ಇಳಿದು ಎರಡು ದಿನ ದಾಟಿದ್ದರೆ ಮಿದುಳಿನ ಜೀವಕೋಶಗಳು ಊತ ತಪ್ಪಿಸಿಕೊಳ್ಳಲು ತಮ್ಮೊಳಗಿನ ಲವಣಗಳನ್ನು ಹೊರಗೆ ಹಾಕಿ ಹೊಂದಿಕೊಂಡಿರುತ್ತವೆ. ಆಗ ಹೊರಗಿನ ಹದವನ್ನು ಒಮ್ಮೆಲೇ ಏರಿಸಿದರೆ ಅವು ಮುರುಟಿ, ನರಗಳ ಹೊದಿಕೆ ಹಾಳಾಗುವ ಅಪಾಯವಿದೆ. ಮಾತು, ನುಂಗುವುದು, ಕೈಕಾಲು ಎಲ್ಲದಕ್ಕೂ ಪೆಟ್ಟು ಬೀಳಬಹುದು. ಅದಕ್ಕೇ 24 ಗಂಟೆಗೆ 8ರಿಂದ 10ಕ್ಕಿಂತ ಹೆಚ್ಚು ಏರದಂತೆ ಕಾಯುತ್ತಾರೆ. ಫಿಟ್ಸ್‌ನಂಥ ವಿಪರೀತ ಲಕ್ಷಣ ಇದ್ದರೆ ಮಾತ್ರ ಗಟ್ಟಿ ಸಲೈನ್ ಕೊಟ್ಟು ಮೊದಲ ಕೆಲವು ಅಂಕಿ ಬೇಗ ಏರಿಸುತ್ತಾರೆ.

ಪೊಟ್ಯಾಸಿಯಂ ವಿಷಯ ಚಿಕ್ಕದು, ಆದರೆ ಹರಿತ. ಜೀವಕೋಶಗಳ ಹೊರಗೆ ಇರುವ ಪೊಟ್ಯಾಸಿಯಂ ಎಲ್ಲ ಸೇರಿಸಿದರೂ ಎರಡು ಗ್ರಾಂ ಆಸುಪಾಸು. ನಾವು ಒಂದು ದಿನದ ಊಟದಲ್ಲಿ ತಿನ್ನುವುದು ಅದಕ್ಕಿಂತ ಕಡಿಮೆಯೇನಿಲ್ಲ. ಆದರೂ ರಕ್ತದಲ್ಲಿ ಅದು ಏರುವುದಿಲ್ಲ. ಊಟವಾದ ಮೇಲೆ ಇನ್ಸುಲಿನ್ ಅದನ್ನು ಜೀವಕೋಶದೊಳಗೆ ತಳ್ಳುತ್ತದೆ, ಆಮೇಲೆ ಕಿಡ್ನಿ ನಿಧಾನವಾಗಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತಿದ್ದರೆ ಈ ದಾರಿ ಮುಚ್ಚುತ್ತದೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಒಂದು ಲೋಟ ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇದೆ. ಆರೋಗ್ಯವಂತರಿಗೆ ಅದು ಒಳ್ಳೆಯದು. ಕಿಡ್ನಿ ತೊಂದರೆ ಇರುವ ರೋಗಿಯನ್ನು ನೋಡಲು ಹೋಗುವಾಗ ಮಾತ್ರ ಎಳನೀರು ಹಿಡಿದು ಹೋಗಬೇಡಿ. 'ಲೋ ಸೋಡಿಯಂ' ಉಪ್ಪಿನಲ್ಲೂ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಮ್ಮೇ. ಕಿಡ್ನಿ ಕಾಯಿಲೆ ಇದ್ದವರು, ಮೇಲೆ ಹೇಳಿದ ಟೆಲ್ಮಿಸಾರ್ಟಾನ್ ಥರದ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅದಕ್ಕೆ ಬದಲಾಗಬಾರದು.

ಬೆವರಿನ ಬಗ್ಗೆಯೂ ಒಂದು ಮಾತು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆವಿಯಾದರೆ ಮಾತ್ರ. ಮೇ ತಿಂಗಳಲ್ಲಿ, ಮಳೆ ಬರುವ ಮುಂಚಿನ ಸೆಖೆಯಲ್ಲಿ ಅಡಿಕೆ ತೋಟಕ್ಕೆ ಮಣ್ಣು ಹೊರುವವರ ಮೈಯಿಂದ ಬೆವರು ತೊಟ್ಟಿಕ್ಕುತ್ತಿರುತ್ತದೆ. ತೊಟ್ಟಿಕ್ಕಿದ ಬೆವರು ದಂಡ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಅದು ಆರುವುದಿಲ್ಲ, ಮೈ ತಣಿಯುವುದಿಲ್ಲ, ಮತ್ತಷ್ಟು ಬೆವರುತ್ತದೆ. ನೆರಳಿದೆ, ಬಿಸಿಲಿಲ್ಲ ಅಂತ ಮಲೆನಾಡಿನಲ್ಲಿ ನಿರ್ಜಲೀಕರಣ ಆಗುವುದಿಲ್ಲ ಅನ್ನುವ ಹಾಗಿಲ್ಲ. ಬೆವರಿನಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ. ಅಂದರೆ ಬೆವರಿದಾಗ ಉಪ್ಪಿಗಿಂತ ನೀರೇ ಹೆಚ್ಚಾಗಿ ಹೋಗುತ್ತದೆ, ರಕ್ತದ ಹದ ಗಟ್ಟಿಯಾಗುತ್ತದೆ. ಹಾಗಾಗಿ ಒಂದೆರಡು ಗಂಟೆಯ ಕೆಲಸಕ್ಕೆ ನೀರು ಸಾಕು, ಹೋದ ಉಪ್ಪು ಮಧ್ಯಾಹ್ನದ ಊಟದಲ್ಲಿ ಬರುತ್ತದೆ. ಇಡೀ ದಿನದ ದುಡಿಮೆಯಾದರೆ ಉಪ್ಪು ಹಾಕಿದ ಮಜ್ಜಿಗೆ, ಅಪ್ಪೆಹುಳಿ ಜೊತೆಗಿರಲಿ.

ಭೇದಿಯ ಕತೆಯೇ ಬೇರೆ. ನಾವು ಕುಡಿದದ್ದು, ಜೊತೆಗೆ ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಬಹುಪಾಲು ವಾಪಸ್ ಹೀರಿಕೊಂಡು, ಮಲದಲ್ಲಿ ಹೋಗುವುದು ಒಂದೆರಡು ನೂರು ಮಿಲಿಲೀಟರ್. ಕಾಲರಾದಂಥ ಸೋಂಕಿನಲ್ಲಿ ಕರುಳು ಉಪ್ಪುನೀರನ್ನು ಸುರಿಸತೊಡಗುತ್ತದೆ. ಆಗ ಬರೀ ಉಪ್ಪುನೀರು ಕುಡಿಸಿದರೂ ಮೈಗೆ ಹತ್ತುವುದಿಲ್ಲ. ಆದರೆ ಒಂದು ಬಾಗಿಲು ಮಾತ್ರ ಆಗಲೂ ತೆರೆದಿರುತ್ತದೆ. ಗ್ಲೂಕೋಸ್ ಬಂದರೆ ಅದು ಸೋಡಿಯಂ ಜೊತೆ ಸೇರಿ ಒಳಗೆ ಹೋಗುವ ಬಾಗಿಲು. ಹಿಂದೆ ನೀರೂ ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು ಮೊದಲು ಹೇಳಿದರು. ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ, ಶಕ್ತಿಗೂ ಅಲ್ಲ. ಉಪ್ಪನ್ನು ಒಳಗೆ ಕರೆದೊಯ್ಯಲು.

1971ರಲ್ಲಿ ಬಾಂಗ್ಲಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಸಾಲದೆ ಬಂದವು. ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಅವರ ಆರೈಕೆಯಲ್ಲಿದ್ದವರಲ್ಲಿ 4ಕ್ಕಿಂತ ಕೆಳಗೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಬಹಳ ತಡವಾಯಿತು ಅಂತ ನನಗನ್ನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತದೆ. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ ಒಂದೇ ಸಲ ಹಾಕಬೇಕು. ಲೋಟಕ್ಕೆ ಒಂದು ಚಮಚ ಅಂತ ಅಂದಾಜಿನಲ್ಲಿ ಬೆರೆಸಿದರೆ ಹದ ಗಟ್ಟಿಯಾಗಿ, ಕರುಳಿಗೇ ನೀರು ಎಳೆದು ಭೇದಿ ಹೆಚ್ಚುತ್ತದೆ. ತುಂಬಾ ಸಿಹಿ ಇರುವ ಬೆಲ್ಲದ ನೀರು, ಬಾಟಲಿಯ ಕೂಲ್ ಡ್ರಿಂಕ್ಸ್ ಮಾಡುವುದೂ ಇದನ್ನೇ. ಪ್ಯಾಕೆಟ್ ಸಿಗದ ರಾತ್ರಿ, ಘಟ್ಟದ ಮೇಲಿನ ಒಂಟಿ ಮನೆಯಲ್ಲಿ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮಟ್ಟಸವಾಗಿ ಹಾಕಿ ಕೊಡಬಹುದು. ಉಪ್ಪು ಹಾಕಿದ ಗಂಜಿ ತಿಳಿಯೂ ಆಗುತ್ತದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಮಗು ಜೋಲು ಬಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಅಂಗಡಿಯಲ್ಲಿ ಕೊಳ್ಳುವಾಗ ಹೆಸರು ನೋಡಿ ಮೋಸ ಹೋಗಬಾರದು. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳು ಬಹಳ ಕಾಲ ಓಆರ್‌ಎಸ್ ಎಂಬ ಅಕ್ಷರ ಹೊತ್ತು ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಲು ಕೊಟ್ಟಿದ್ದ ಅನುಮತಿ ಹಿಂದಕ್ಕೆ ಪಡೆಯಿತು. ಮೆಡಿಕಲ್ ಶಾಪಿನಲ್ಲಿ ಪುಡಿಯ ಪ್ಯಾಕೆಟ್ಟನ್ನೇ ಕೇಳಿ, ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯೇ ಓದಿ. ಕಲಸಿದ ನೀರು 24 ಗಂಟೆಯ ಮೇಲೆ ಉಳಿದರೆ ಚೆಲ್ಲಿ, ಹೊಸದಾಗಿ ಕಲಸಿಕೊಳ್ಳಿ.